ಗದ್ದೇಲಿ ಟೆಂಟು, ಬೆಂಕಿ ಮುಂದೆ ನಾಮಿನಿ ಫಾರಂ

ಮೊದ್ಲೇ ಹೇಳ್ಬಿಡ್ತೀನಿ, ಟ್ರೆಕ್ಕಿಂಗ್ ಕ್ಯಾಂಪಿಂಗ್ ಅಂತ ಓಡಾಡೋ ಪೈಕಿ ಅಲ್ಲ ನಾನು. ಬ್ಯಾಂಕಲ್ಲಿ ಕೆಲ್ಸ, ವಯಸ್ಸು 34, ಊರು ಚನ್ನರಾಯಪಟ್ಟಣ, ಬೆಂಗಳೂರಲ್ಲಿ ಒಬ್ಳೇ ಇರೋದು. ನಾನು ಲೆಸ್ಬಿಯನ್ ಅಂತ ನಂಗೆ ಗೊತ್ತಾಗಿ ಹತ್ತು ವರ್ಷದ ಮೇಲಾಯ್ತು, ಆದ್ರೆ ನನ್ನಂಥವ್ರು ನಾಲ್ಕು ಜನ ಒಟ್ಟಿಗೆ ಕೂತಿದ್ದನ್ನ ಕಣ್ಣಲ್ಲಿ ನೋಡಿರ್ಲಿಲ್ಲ. ಅದಕ್ಕೇ ಗಟ್ಟಿ ಮನಸ್ಸು ಮಾಡಿ ಜನವರಿ ನಾಲ್ಕನೇ ಶನಿವಾರ, ಹೆಂಗೂ ಬ್ಯಾಂಕ್ ರಜೆ, ಸಕಲೇಶಪುರ ಹತ್ರ ಒಂದು ಕಾಫಿ ತೋಟಕ್ಕೆ ನನ್ನಂಥವ್ರದ್ದೇ ಒಂದು ಗುಂಪಿನ ಹದಿಮೂರು ಜನರ ಜೊತೆ ಹೊರಟೆ. ಅಮ್ಮಂಗೆ ಟ್ರೈನಿಂಗ್ ಇದೆ ಅಂದಿದ್ದೆ.

ಹೆಸ್ರು ಕೊಟ್ಟ ತಕ್ಷಣ ಸೇರಿಸ್ಕೊಳಲ್ಲ. ಗುಂಪಿನವ್ರು ಇಬ್ರು ವಿಡಿಯೋ ಕಾಲ್ ಮಾಡಿ ಅರ್ಧ ಗಂಟೆ ಮಾತಾಡಿಸಿದ್ರು, ಒಳ್ಳೆ ಹೆಣ್ಣು ನೋಡೋಕೆ ಬಂದಂಗಿತ್ತು, ಹಾಡು ಹೇಳು ಅನ್ನೋದೊಂದು ಬಾಕಿ. ಹುಡುಗಿ ಹೆಸ್ರಿಟ್ಕೊಂಡು ಗಂಡಸ್ರು ನುಗ್ಗೋಕೆ ನೋಡ್ತಾರಂತೆ, ಅದಕ್ಕೆ ಇಷ್ಟೆಲ್ಲಾ. ಜಾಗದ ಲೊಕೇಶನ್ ಕಳ್ಸಿದ್ದು ಹಿಂದಿನ ರಾತ್ರಿ. ಟೆಂಪೋ ಟ್ರಾವೆಲರ್ ಹತ್ತಿದ ಮೇಲೆ ಒಂದೊಂದು ರಿಬ್ಬನ್ ಕೊಟ್ರು, ಕೆಂಪು ಕಟ್ಕೊಂಡ್ರೆ ಫೋಟೋ ತೆಗೀಬಾರ್ದು, ಹಸಿರಾದ್ರೆ ಪರವಾಗಿಲ್ಲ. ಹಸಿರು ಕಟ್ಟಿದ್ದು ಮೂರೇ ಜನ.

ನೆಲಮಂಗಲ, ಕುಣಿಗಲ್ ದಾಟಿ ತಿಂಡಿಗೆ ಗಾಡಿ ನಿಲ್ಸಿದ್ದೆಲ್ಲಿ ಅಂದ್ರೆ ನಮ್ಮೂರ ಬೈಪಾಸಲ್ಲಿ! ಆ ಹೋಟ್ಲಿಗೆ ನಮ್ಮ ಚಿಕ್ಕಪ್ಪ ವಾರಕ್ಕೆರಡು ಸಲ ಬರ್ತಾರೆ. ದುಪಟ್ಟಾ ಮುಖಕ್ಕೆ ಸುತ್ಕೊಂಡು, ವಾಂತಿ ಬಂದಂಗಾಗ್ತಿದೆ ಅಂತ ಸುಳ್ಳು ಹೇಳಿ ಸೀಟಲ್ಲೇ ಮುದುಡ್ಕೊಂಡೆ. ಐವತ್ತರ ಆಸುಪಾಸಿನ ಒಬ್ರು ಇಡ್ಲಿ ಪಾರ್ಸೆಲ್ ತಂದು ಮಡಿಲಲ್ಲಿಟ್ಟು ಮೆಲ್ಲಗೆ "ನಿಮ್ಮೂರು ಇದೇನಾ? ನಂದು ಹೊಳೆನರಸೀಪುರ ಕಣ್ರೀ, ಮೊದಲ್ನೇ ಸಲ ನಾನೂ ಇಳೀಲಿಲ್ಲ" ಅಂದ್ರು. ಅಲ್ಲಿ ತನಕ ಗಾಡಿ ಪೂರ್ತಿ ಇಂಗ್ಲಿಷು. ಅವರು ಮೇಷ್ಟ್ರಮ್ಮ ಅಂತ ಆಮೇಲೆ ಗೊತ್ತಾಯ್ತು, ಇಲ್ಲೂ ಹಂಗೇ ಕರೀತೀನಿ.

ಟೆಂಟ್ ವಿಷ್ಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾರಿಗಾದ್ರೂ ಉಪಯೋಗಕ್ಕೆ ಬಂದೀತು. ತೋಟದ ಕಣದ ತುಂಬಾ ಕಾಫಿ ಒಣಗ್ತಿತ್ತು, ಹಂಗಾಗಿ ಕೊಯ್ದಾಗಿದ್ದ ಗದ್ದೇಲಿ ಜಾಗ ಕೊಟ್ರು. ನೋಡೋಕೆ ಚೆಂದ, ಆದ್ರೆ ಭತ್ತದ ಕೂಳೆ ಮೊಳೆ ಥರ ನಿಂತಿರತ್ತೆ, ಟೆಂಟಿನ ತಳ ತೂತಾಗತ್ತೆ. ಕೂಳೆ ಸವರಿ ಟಾರ್ಪಾಲು ಎರಡು ಮಡಿಕೆ ಹಾಸಿ ಅದರ ಮೇಲೆ ಹಾಕಿದ್ವಿ. ನೆಲ ಕಲ್ಲಾಗಿತ್ತು, ಟೆಂಟ್ ಕಟ್ಟೋ ಗೂಟ ಎಲ್ಲಾ ಬಾಗಿ ಹೋದ್ವು, ಕೊನೆಗೆ ತೋಟದ ಅಮ್ಮ ಬಂದು ಚೊಂಬಲ್ಲಿ ನೀರು ಹಾಕಿ ನೆನೆಸಿ ಹೊಡೀರಿ ಅಂದ್ರು. ಇನ್ನೊಂದು ತಪ್ಪು, ಗದ್ದೆ ತಗ್ಗಲ್ಲಿರೋದ್ರಿಂದ ರಾತ್ರಿ ಚಳಿಯೆಲ್ಲಾ ಇಳಿದು ಬಂದು ಅಲ್ಲೇ ನಿಲ್ಲತ್ತೆ. ಟೆಂಟಿನ ಜಿಪ್ ಗಾಳಿಯಾಡದಂಗೆ ಮುಚ್ಚಿದ್ದಕ್ಕೆ ನಮ್ಮುಸಿರೇ ನೀರಾಗಿ ಬೆಳಗ್ಗೆ ಮುಖದ ಮೇಲೆ ತೊಟ್ಟಿಕ್ತು. ಮೇಲಿನ ಕಿಟಕಿ ಸ್ವಲ್ಪ ತೆಗೆದಿಡಿ. ಆ ಕಡೆ ಆನೆ ಕಾಟ ಬೇರೆ, ಬಾಳೆಹಣ್ಣು ಟೆಂಟಲ್ಲಿ ಇಡಬೇಡಿ, ಕತ್ತಲಾದ್ಮೇಲೆ ಬೇಲಿ ದಾಟಬೇಡಿ ಅಂತ ಖಡಕ್ಕಾಗಿ ಹೇಳಿದ್ರು. ಬಾತ್ರೂಮಿಗೂ ಜೋಡಿಯಾಗೇ ಹೋಗ್ತಿದ್ವಿ.

ಬುಕ್ ಮಾಡಿದ್ದು ಬರೀ ಲೇಡೀಸ್ ಗ್ರೂಪ್ ಅಂತ. ಸಂಜೆ ಅಕ್ಕಿರೊಟ್ಟಿ ತಟ್ಟೋಕೆ ಕೂತಾಗ ತೋಟದ ಅಮ್ಮ ಮೇಷ್ಟ್ರಮ್ಮನ್ನ "ನಿಮ್ಮನೆಯವ್ರು ಏನ್ಮಾಡ್ತಾರೆ?" ಅಂತ ಕೇಳೇಬಿಟ್ರು. ನಂಗೆ ಎದೆ ಧಸಕ್ಕಂತು. ಮೇಷ್ಟ್ರಮ್ಮ ರೊಟ್ಟಿ ತಿರುವಿ ಹಾಕ್ತಾ "ನಮ್ಮನೆಯವ್ರು ಡ್ರಾಯಿಂಗ್ ಟೀಚರ್ರು, ಅಡಿಗೆ ಚೆನ್ನಾಗಿ ಮಾಡ್ತಾರೆ, ಆದ್ರೆ ಉಪ್ಪು ಕೈ ಜೋರು" ಅಂದ್ರು. ಆ ನಮ್ಮನೆಯವ್ರು ಅಲ್ಲೇ ಪಕ್ಕದಲ್ಲಿ ತುರಿಯೋ ಮಣೆ ಮೇಲೆ ಕೂತು ಕಾಯಿ ತುರೀತಿದ್ರು, ತಲೆ ಎತ್ತಲಿಲ್ಲ. ಸ್ಟಾಫ್ ರೂಮಲ್ಲೂ ವರ್ಷಗಟ್ಟಲೆ ಇದೇ ಮಾತಂತೆ, ಒಂದು ಸುಳ್ಳೂ ಹೇಳಿಲ್ವಂತೆ. ಪೇಪರಲ್ಲಿ ಸಲಿಂಗಿ ಅಂತ ಓದಿದಾಗೆಲ್ಲಾ ಅದು ನಾನಲ್ಲ ಬೇರೆ ಯಾರೋ ಅನ್ನಿಸ್ತಿತ್ತು ನಂಗೆ, ಇಷ್ಟು ಹತ್ರದ ಮಾತು ನಮ್ಮನೇಲೇ ದಿನಾ ಓಡಾಡ್ತಿತ್ತು ಅಂತ ಹೊಳೆದೇ ಇರ್ಲಿಲ್ಲ.

ರಾತ್ರಿ ಬೆಂಕಿ ಸುತ್ತ ಒಬ್ಬೊಬ್ರಾಗಿ ಮಾತಾಡೋ ಕಾರ್ಯಕ್ರಮ. ಅದು ನಂಗಾಗಲ್ಲ, ನನ್ನ ಸರದಿ ಬಂದಾಗ ಹೆಸ್ರು, ಬ್ಯಾಂಕಲ್ಲಿ ಕೆಲ್ಸ ಅಂದು ಸುಮ್ನಾದೆ. ಬ್ಯಾಂಕ್ ಅಂದಿದ್ದೇ ತಡ, ಶುರುವಾಯ್ತು! ಒಂದು ಜೋಡಿ ಜಾಯಿಂಟ್ ಅಕೌಂಟ್ ಮಾಡ್ಸೋಕೆ ಹೋಗಿದ್ರೆ ಯಾವುದೋ ಬ್ರಾಂಚಲ್ಲಿ ನೀವೇನು ಸಂಬಂಧಿಕರಾ ಅಂತ ಕೇಳಿ ವಾಪಸ್ ಕಳ್ಸಿದ್ರಂತೆ. ನಾನು ಹೇಳ್ದೆ, 2024ರ ಆಗಸ್ಟಲ್ಲಿ ಕೇಂದ್ರ ಹಣಕಾಸು ಇಲಾಖೆಯವ್ರೇ ಜಾಯಿಂಟ್ ಅಕೌಂಟಿಗಾಗ್ಲಿ ಸಂಗಾತೀನ ನಾಮಿನಿ ಮಾಡೋಕಾಗ್ಲಿ ನಮ್ಮಂಥವ್ರಿಗೆ ಅಡ್ಡಿ ಇಲ್ಲ ಅಂತ ತಿಳಿಸಿದ್ದಾರೆ, ಅದರ ಪ್ರಿಂಟ್ ತಗೊಂಡು ಹೋಗಿ ಮ್ಯಾನೇಜರ್ ಮುಂದಿಡಿ ಅಂತ. ಆದ್ರೆ ನಾಮಿನಿ ಅಂದ್ರೆ ದುಡ್ಡು ಕೈಗೆ ತಗೊಳ್ಳೋರು ಅಷ್ಟೇ, ಅಣ್ಣತಮ್ಮಂದಿರು ವಾರಸುದಾರರು ಅಂತ ಬಂದ್ರೆ ತಕರಾರು ಇದ್ದಿದ್ದೇ. ಸುಪ್ರೀಂ ಕೋರ್ಟು 2018ರಲ್ಲಿ ನಾವು ಅಪರಾಧಿಗಳಲ್ಲ ಅಂತೇನೋ ಅಂತು, 2023ರ ಅಕ್ಟೋಬರಲ್ಲಿ ಮದ್ವೆ ಹಕ್ಕು ಕೊಡ್ಲಿಲ್ಲ, ಹಂಗಾಗಿ ವಿಲ್ ಬರೆದಿಡೋದೇ ದಾರಿ. ಇಬ್ರು ಸಾಕ್ಷಿ ಸಹಿ ಬೇಕೇಬೇಕು, ರಿಜಿಸ್ಟರ್ ಕಡ್ಡಾಯ ಅಲ್ಲ, ಮಾಡ್ಸಿದ್ರೆ ಒಳ್ಳೇದು. ರಾತ್ರಿ ಹನ್ನೆರಡೂವರೆ ತನಕ ಇದೇ, ನನ್ನ ಕೌಂಟರ್ ಮುಂದೆ ಪಿಂಚಣಿ ದಿನ ನಿಂತಂಗೆ ಕ್ಯೂ.

ಮೇಷ್ಟ್ರಮ್ಮ ಕೊನೇಲಿ ಕೇಳಿದ್ರು, "ಫಾರಂನಲ್ಲಿ ಸಂಬಂಧ ಅಂತ ಒಂದು ಕಾಲಂ ಇರತ್ತಲ್ಲ, ನಾನು ಸ್ನೇಹಿತೆ ಅಂತ ಬರ್ದಿದೀನಿ, ನಮ್ಮನೆಯವ್ರು ಅಂತ ಬರೀಬಹುದಾ?" ಬೆಂಕಿ ಸುತ್ತ ಇದ್ದೋರೆಲ್ಲಾ ನಕ್ರು. ನಾನು ಕಂಪ್ಯೂಟರ್ ಒಪ್ಪಲ್ಲ ಮೇಡಂ ಅಂದೆ.

ವಾಪಸ್ ಬರ್ತಾ ಬೈಪಾಸಲ್ಲಿ ಇಳಿದು ಕಾಫಿ ಕುಡಿದೆ. ಚಿಕ್ಕಪ್ಪ ಇರ್ಲಿಲ್ಲ, ಪುಣ್ಯ.

ಮುಂದಿನ ವಾರ ಅಮ್ಮ ಬಂದವ್ರು ಕಂಬಳಿ ಮೂಸಿ ನೋಡಿ "ಇದೇನೇ, ಟ್ರೈನಿಂಗಲ್ಲಿ ಸೌದೆ ಒಲೆ ಹಚ್ಚಿದ್ರಾ?" ಅಂದ್ರು. ಟ್ರಿಪ್ ಹೋಗಿದ್ದೆ ಅಂತ ಒಪ್ಕೊಂಡೆ.

"ಗಂಡಸ್ರು ಯಾರಾದ್ರೂ ಇದ್ರಾ?"

"ಒಬ್ರೂ ಇಲ್ಲಮ್ಮ."

"ಹಂಗಾದ್ರೆ ಸರಿ ಬಿಡು. ಅದಕ್ಯಾಕೆ ಸುಳ್ಳು ಹೇಳ್ಬೇಕಿತ್ತು?"