ನೆಂಟರು ಬರುವ ದಿನ ಅಡುಗೆಮನೆಯಲ್ಲಿ ಗಾಬರಿ ಬೇಡ

ದಿನಾ ಅಡುಗೆ ಮಾಡುವವರಿಗೂ ಈ ಕಷ್ಟ ತಪ್ಪಿದ್ದಲ್ಲ. ಮನೆಯವರಿಗಾದರೆ ಕಣ್ಣು ಮುಚ್ಚಿಕೊಂಡು ಮಾಡುವ ಅಡುಗೆ, ನಾಲ್ಕು ಜನ ಊಟಕ್ಕೆ ಬರುತ್ತಾರೆ ಅಂದ ಕೂಡಲೇ ಕೈ ಕೊಡುತ್ತದೆ. ಉಪ್ಪು ಹಾಕಿದೆವೋ ಇಲ್ಲವೋ ನೆನಪಿರುವುದಿಲ್ಲ. ಈ ಕಡೆ ಪಾತ್ರೆ ತಳ ಹಿಡಿಯುತ್ತಿರುತ್ತದೆ, ಆ ಕಡೆ ಬಾಗಿಲ ಗಂಟೆ ಬಡಿದುಕೊಳ್ಳುತ್ತಿರುತ್ತದೆ.

ಇದಕ್ಕೆ ಧೈರ್ಯ ಸಾಲದೇ ಇರುವುದು ಕಾರಣ ಅಂತ ನನಗೆ ಅನಿಸುವುದಿಲ್ಲ. ಗಾಬರಿಯ ಮುಕ್ಕಾಲು ಪಾಲು ಹುಟ್ಟುವುದು ಕೊನೆಯ ಅರ್ಧ ಗಂಟೆಯಲ್ಲಿ. ಬೇಯಿಸುವುದು, ರುಚಿ ನೋಡುವುದು, ತಟ್ಟೆ ಲೋಟ ಹುಡುಕುವುದು, ಬಂದವರನ್ನು ಮಾತನಾಡಿಸುವುದು ಎಲ್ಲವೂ ಅದೇ ಹೊತ್ತಿಗೆ ತಲೆ ಮೇಲೆ ಬೀಳುತ್ತವೆ. ಹಾಗಾಗಿ ಸುಮ್ನೆ ಸಮಾಧಾನ ಹೇಳಿಕೊಂಡು ಕೂರುವ ಬದಲು, ಆ ಅರ್ಧ ಗಂಟೆಯ ಕೆಲಸಗಳನ್ನು ಮೊದಲೇ ಮುಗಿಸುವ ದಾರಿ ನೋಡೋಣ.

ಹೆಜ್ಜೆ 1: ಕರೆಯುವಾಗಲೇ ಕೇಳಿ

"ನಿಮಗೆ ಏನು ಇಷ್ಟ?" ಅಂತ ಕೇಳಿದರೆ "ಏನಾದರೂ ಆಗುತ್ತೆ" ಅನ್ನುವ ಉತ್ತರ ಬರುತ್ತದೆ. ಅದರಿಂದ ಏನೂ ಪ್ರಯೋಜನವಿಲ್ಲ. "ಏನು ತಿನ್ನುವುದಿಲ್ಲ? ಯಾವುದಾದರೂ ಅಲರ್ಜಿ ಇದೆಯಾ?" ಅಂತ ಕೇಳಿ. ಹಾಲು, ಮೊಟ್ಟೆ, ಕಡಲೆಕಾಯಿ, ಗೋಡಂಬಿ-ಬಾದಾಮಿಯಂಥ ಬೀಜಗಳು, ಗೋಧಿ, ಸೋಯಾ, ಎಳ್ಳು, ಮೀನು, ಸಿಗಡಿ ಇವು ಸಾಮಾನ್ಯವಾಗಿ ಅಲರ್ಜಿ ತರುವ ಪದಾರ್ಥಗಳು. ಅಲರ್ಜಿ ಇದ್ದವರ ತಟ್ಟೆಯಿಂದ ಆ ಪದಾರ್ಥವನ್ನು ಎತ್ತಿ ಬದಿಗಿಟ್ಟರೆ ಸಾಲದು. ಅದೇ ಸೌಟು, ಅದೇ ಕರಿದ ಎಣ್ಣೆ ಬಳಸಿದರೂ ತೊಂದರೆ ಆಗಬಹುದು. ಅವತ್ತಿನ ಅಡುಗೆಯಲ್ಲಿ ಆ ಪದಾರ್ಥವನ್ನೇ ಬಿಟ್ಟುಬಿಡುವುದು ಎಲ್ಲಕ್ಕಿಂತ ಸುಲಭ.

ಹೆಜ್ಜೆ 2: ಒಲೆ ನೋಡಿ ಪಟ್ಟಿ ಮಾಡಿ

ಏನೇನು ಮಾಡಬೇಕು ಅಂತ ಯೋಚಿಸುವಾಗ ಎಲ್ಲರೂ ನಾಲಿಗೆಯಿಂದ ಶುರು ಮಾಡುತ್ತಾರೆ. ನಾನು ಹೇಳುವುದು, ಒಲೆಯಿಂದ ಶುರು ಮಾಡಿ. ಎಷ್ಟು ಬರ್ನರ್ ಇವೆ? ದೊಡ್ಡ ಪಾತ್ರೆ ಎಷ್ಟಿವೆ? ಎರಡು ದೊಡ್ಡ ಪಾತ್ರೆ ಅಕ್ಕಪಕ್ಕ ಕೂರುತ್ತವಾ? ಎರಡೇ ಬರ್ನರ್ ಇರುವ ಕಡೆ ಬಿಸಿಬಿಸಿಯಾಗಿ ಬಡಿಸಬೇಕಾದ ನಾಲ್ಕು ಬಗೆ ಇಟ್ಟುಕೊಂಡರೆ ಎಂಥ ನುರಿತವರಿಗೂ ತಲೆ ಕೆಡುತ್ತದೆ.

ಪಟ್ಟಿಯಲ್ಲಿರುವ ಪ್ರತಿಯೊಂದರ ಮುಂದೆ ಹೀಗೆ ಗುರುತು ಹಾಕಿ: ಹಿಂದಿನ ದಿನವೇ ಆಗುವಂಥದ್ದು, ಬೆಳಿಗ್ಗೆ ಮಾಡಿ ಮತ್ತೆ ಬಿಸಿ ಮಾಡಬಹುದಾದದ್ದು, ತಣ್ಣಗೇ ಬಡಿಸುವಂಥದ್ದು, ಬಡಿಸುವ ಹೊತ್ತಿಗೇ ಆಗಬೇಕಾದದ್ದು. ಕೊನೆಯ ಗುಂಪಿನಲ್ಲಿ ಒಂದೇ ಒಂದು ಇರಲಿ. ಎರಡಿದ್ದರೆ ಒಂದನ್ನು ಕೈಬಿಡಿ. ಕರಿಯುವ ತಿಂಡಿ ಬಹಳ ಸಲ ಈ ಗುಂಪಿಗೇ ಸೇರುತ್ತದೆ. ಬಂದವರು ಹರಟುತ್ತಿರುವಾಗ ನೀವು ಬಾಣಲೆ ಮುಂದೆ ಬೆವರುತ್ತಾ ನಿಂತಿರಬೇಕಾಗುತ್ತದೆ.

ಇನ್ನು ಹೊಸರುಚಿ. ಮೊದಲ ಸಲ ಮಾಡುವ ಅಡುಗೆಯನ್ನು ಅವತ್ತೇ ಮಾಡಬೇಡಿ. ಆಸೆಯಿದ್ದರೆ ಒಂದು ವಾರ ಮೊದಲೇ ಮನೆಯವರಿಗೆ ಮಾಡಿ ನೋಡಿ. ಬರುವವರಿಗೆ ನಿಮ್ಮ ಕೈ ಪಳಗಿದ ಅಡುಗೆಯೇ ಹೊಸದು, ಅಲ್ವಾ?

ಹೆಜ್ಜೆ 3: ಅಳತೆ ಹೆಚ್ಚಿಸುವಾಗ ಜೋಪಾನ

ನಾಲ್ಕು ಜನರ ಅಡುಗೆ ಎಂಟು ಜನಕ್ಕೆ ಬೇಕಾದರೆ ಎಲ್ಲವನ್ನೂ ಎರಡು ಪಟ್ಟು ಮಾಡಿದರೆ ಆಯಿತು ಅಂದುಕೊಳ್ಳುತ್ತೇವೆ. ದಿನಾ ಚೆನ್ನಾಗಿ ಬರುವ ಅಡುಗೆ ಅವತ್ತು ಕೆಡುವುದು ಹೆಚ್ಚಾಗಿ ಇಲ್ಲೇ.

ಅನ್ನದ ನೀರನ್ನೇ ನೋಡಿ. ಹಾಕಿದ ನೀರಿನಲ್ಲಿ ಒಂದು ಪಾಲು ಅಕ್ಕಿ ಹೀರುತ್ತದೆ, ಇನ್ನೊಂದು ಪಾಲು ಆವಿಯಾಗಿ ಹೋಗುತ್ತದೆ. ಅಕ್ಕಿ ಎರಡು ಪಟ್ಟಾದರೆ ಹೀರುವ ನೀರೂ ಎರಡು ಪಟ್ಟಾಗುತ್ತದೆ. ಆದರೆ ಪಾತ್ರೆಯ ಬಾಯಿ, ಮುಚ್ಚಳ ಹಾಗೇ ಇದ್ದರೆ ಆವಿಯಾಗುವ ನೀರು ಅಷ್ಟು ಹೆಚ್ಚುವುದಿಲ್ಲ. ಅದಕ್ಕೇ ನೀರನ್ನು ಸರಿಯಾಗಿ ಎರಡು ಪಟ್ಟು ಹಾಕಿದಾಗ ಅನ್ನ ಮುದ್ದೆಯಾಗುವುದು. ಸ್ವಲ್ಪ ಕಡಿಮೆ ಹಾಕಿ, ಬೇಕಾದರೆ ಆಮೇಲೆ ಬಿಸಿನೀರು ಚಿಮುಕಿಸಿ.

ಈರುಳ್ಳಿ ಹುರಿಯುವಾಗಲೂ ಹಾಗೇ. ನೀರಿನಂಶ ಇರುವಷ್ಟು ಹೊತ್ತು ಈರುಳ್ಳಿಯ ಬಿಸಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಕೆಂಪಗಾಗಬೇಕಾದರೆ ಅದಕ್ಕಿಂತ ಹೆಚ್ಚು ಬಿಸಿ ಬೇಕು. ಚಿಕ್ಕ ಬಾಣಲೆಯಲ್ಲಿ ರಾಶಿ ಈರುಳ್ಳಿ ತುಂಬಿದರೆ ಅದು ಹುರಿಯುವುದಿಲ್ಲ, ತನ್ನ ನೀರಲ್ಲೇ ಬೇಯುತ್ತದೆ. ಅಗಲ ಬಾಣಲೆ ತೆಗೆದುಕೊಳ್ಳಿ, ಇಲ್ಲವೇ ಎರಡು ಸಲಕ್ಕೆ ಹುರಿಯಿರಿ. ಅದಕ್ಕೂ ಹೊತ್ತು ಹಿಡಿಯುತ್ತದೆ, ಲೆಕ್ಕದಲ್ಲಿಟ್ಟುಕೊಳ್ಳಿ.

ಬೇಳೆಕಾಳು ಬೇಗ ಬೇಯಬೇಕಾದರೆ ಹುಳಿಯನ್ನು ಮೊದಲೇ ಹಾಕಬೇಡಿ. ಹುಳಿ ಇದ್ದರೆ ಕಾಳು ಮೆತ್ತಗಾಗುವುದು ತಡವಾಗುತ್ತದೆ. ಉಪ್ಪು, ಖಾರ ಮುಕ್ಕಾಲು ಪಾಲು ಮಾತ್ರ ಮೊದಲಿಗೆ. ಉಳಿದದ್ದು ಕೊನೆಯಲ್ಲಿ ರುಚಿ ನೋಡಿ.

ಹೆಜ್ಜೆ 4: ಗಡಿಯಾರವನ್ನು ಹಿಂದಕ್ಕೆ ಓಡಿಸಿ

ಒಂದು ಚೀಟಿ ತೆಗೆದುಕೊಳ್ಳಿ. ಊಟದ ಸಮಯವನ್ನು ಎಲ್ಲಕ್ಕಿಂತ ಕೆಳಗೆ ಬರೆಯಿರಿ. ಅಲ್ಲಿಂದ ಹಿಂದಕ್ಕೆ ಬನ್ನಿ. 8 ಗಂಟೆಗೆ ಊಟ ಅಂದರೆ 7.40ಕ್ಕೆ ಎಲ್ಲವೂ ಮತ್ತೆ ಬಿಸಿಯಾಗಬೇಕು. 7.15ಕ್ಕೆ ಅನ್ನ ಒಲೆಗೆ. 7 ಗಂಟೆ ಖಾಲಿ: ಮುಖ ತೊಳೆದು, ಬಟ್ಟೆ ಬದಲಿಸಿ, ಕೂತು ಒಂದು ಲೋಟ ನೀರು ಕುಡಿಯುವ ಹೊತ್ತು. ಈ ಖಾಲಿ ಹೊತ್ತನ್ನು ಯಾರೂ ಬರೆಯುವುದಿಲ್ಲ. ನನ್ನ ಪ್ರಕಾರ ಚೀಟಿಯಲ್ಲಿ ಅದೇ ಮುಖ್ಯವಾದ ಸಾಲು. ಏನಾದರೂ ತಡವಾದರೆ ಅದು ನುಂಗುವುದು ಈ ಹೊತ್ತನ್ನು, ಊಟದ ಸಮಯವನ್ನಲ್ಲ.

ಹೆಚ್ಚುವುದು, ರುಬ್ಬುವುದು, ತಟ್ಟೆ ಲೋಟ ಒರೆಸಿ ಇಡುವುದು ಇವೆಲ್ಲ ಮಧ್ಯಾಹ್ನಕ್ಕೇ ಮುಗಿಯಲಿ. ಯಾವುದನ್ನು ಯಾವ ಪಾತ್ರೆಯಲ್ಲಿ ಬಡಿಸುತ್ತೀರಿ ಅಂತಲೂ ಆಗಲೇ ತೀರ್ಮಾನಿಸಿ, ಅದರದ್ದೇ ಸೌಟು ಪಕ್ಕದಲ್ಲಿಡಿ. ಚಿಕ್ಕ ಕೆಲಸ ಅನಿಸುತ್ತದೆ, ಕೊನೆಗಳಿಗೆಯಲ್ಲಿ ಕಾಡುವುದೂ ಅದೇ.

ಮೊದಲೇ ಮಾಡಿಟ್ಟ ಅಡುಗೆಗೆ ಒಂದು ಎಚ್ಚರಿಕೆ. ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಹಾಗಾಗಿ ಬೇಯಿಸಿದ್ದನ್ನು 2 ಗಂಟೆಗಿಂತ ಜಾಸ್ತಿ ಹೊರಗೆ ಇಡಬೇಡಿ. ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ದೊಡ್ಡ ಪಾತ್ರೆಯಲ್ಲಿ ಹಾಗೇ ಬಿಟ್ಟರೆ ನಡುಭಾಗ ತಣ್ಣಗಾಗಲು ತುಂಬಾ ಹೊತ್ತು ಬೇಕು. ಆಳವಿಲ್ಲದ ಡಬ್ಬಿಗಳಿಗೆ ಹಂಚಿ ಫ್ರಿಜ್‌ನಲ್ಲಿಡಿ. ಮತ್ತೆ ಬಿಸಿ ಮಾಡುವಾಗ ಒಳಗಿನವರೆಗೂ ಹೊಗೆಯಾಡುವಷ್ಟು ಕಾಯಿಸಿ.

ಹೆಜ್ಜೆ 5: ರುಚಿ ನೋಡುವ ಮೊದಲು ಹೊರಗೆ ಹೋಗಿ

ತಾಸುಗಟ್ಟಲೆ ಅದೇ ಘಮದಲ್ಲಿ ನಿಂತರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ರುಚಿಯ ದೊಡ್ಡ ಪಾಲು ವಾಸನೆಯೇ ಆದ್ದರಿಂದ ಅಡುಗೆ ಸಪ್ಪೆ ಅನಿಸುತ್ತದೆ. ಗಾಬರಿಯಲ್ಲಿ ಇನ್ನಷ್ಟು ಉಪ್ಪು, ಖಾರ ಸುರಿಯುತ್ತೇವೆ. ಅದರ ಬದಲು ಐದು ನಿಮಿಷ ಬಾಗಿಲಾಚೆ ನಿಂತು ಬನ್ನಿ. ನೀರು ಕುಡಿಯಿರಿ. ಚಮಚದಲ್ಲಿ ತೆಗೆದದ್ದನ್ನು ಆರಿಸಿ ನೋಡಿ, ಸುಡುವ ಬಿಸಿಯಲ್ಲಿ ಉಪ್ಪು ಸರಿಯಾಗಿ ತಿಳಿಯುವುದಿಲ್ಲ. ಮನೆಯಲ್ಲಿ ಅಡುಗೆಮನೆ ಕಡೆ ತಲೆ ಹಾಕದವರು ಯಾರಾದರೂ ಇದ್ದರೆ ಅವರ ನಾಲಿಗೆಯನ್ನು ಹೆಚ್ಚು ನಂಬಬಹುದು.

ಕೆಟ್ಟೇ ಹೋಯಿತು, ಈಗೇನು?

ಉಪ್ಪು ಜಾಸ್ತಿಯಾಯಿತಾ? ಆಲೂಗಡ್ಡೆ ಹಾಕಿದರೆ ಉಪ್ಪು ಹೀರುತ್ತದೆ ಅನ್ನುವ ಮಾತು ಪೂರ್ತಿ ನಿಜವಲ್ಲ. ಆಲೂಗಡ್ಡೆ ಉಪ್ಪುನೀರು ಹೀರುತ್ತದೆ, ಉಳಿದ ನೀರು ಅಷ್ಟೇ ಉಪ್ಪಾಗಿರುತ್ತದೆ. ಉಪ್ಪಿಲ್ಲದ ಬೇಳೆಯನ್ನೋ ತರಕಾರಿಯನ್ನೋ ನೀರನ್ನೋ ಸೇರಿಸಿ ಒಟ್ಟು ಪ್ರಮಾಣ ಹೆಚ್ಚಿಸುವುದೇ ದಾರಿ.

ಖಾರ ಜಾಸ್ತಿಯಾದರೆ ನೀರು ನಂಬಬೇಡಿ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ ಅನ್ನಬಹುದು, ಕೊಬ್ಬಿನಲ್ಲಿ ಕರಗುತ್ತದೆ. ಕೆನೆ, ಮೊಸರು, ತೆಂಗಿನ ಹಾಲು ಯಾವುದು ಹೊಂದುತ್ತದೋ ಅದು.

ತಳ ಹಿಡಿದಿದ್ದರೆ ಸೌಟು ಆಡಿಸಬೇಡಿ. ತಕ್ಷಣ ಉರಿ ಆರಿಸಿ, ಮೇಲಿನದ್ದನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿ. ತಳ ಕೆರೆದರೆ ಸೀದ ವಾಸನೆ ಎಲ್ಲಕ್ಕೂ ಹತ್ತುತ್ತದೆ. ಮೇಲಿನದೂ ಸೀದ ರುಚಿ ಬಂದಿದ್ದರೆ ಆ ಒಂದು ಬಗೆಯನ್ನು ಸದ್ದಿಲ್ಲದೆ ಪಟ್ಟಿಯಿಂದ ತೆಗೆದುಬಿಡಿ. ಅದು ಇತ್ತು ಅಂತ ಬಂದವರಿಗೆ ಗೊತ್ತೇ ಇಲ್ಲವಲ್ಲ!

ಬಡಿಸುವಾಗ

"ಇವತ್ತು ಯಾಕೋ ಸರಿಯಾಗಿ ಬಂದಿಲ್ಲ" ಅನ್ನುತ್ತಾ ಬಡಿಸುವ ಅಭ್ಯಾಸ ಬಹಳ ಮಂದಿಗೆ ಇದೆ. ದಯವಿಟ್ಟು ಬಿಡಿ. ಕೇಳಿದವರು ಆ ಕೊರತೆಯನ್ನು ಹುಡುಕಲು ಶುರು ಮಾಡುತ್ತಾರೆ, ಇಲ್ಲವೇ ಊಟ ಬಿಟ್ಟು ನಿಮ್ಮನ್ನು ಸಮಾಧಾನ ಮಾಡುತ್ತಾ ಕೂರುತ್ತಾರೆ.

ನಮ್ಮ ತಪ್ಪು ಎಲ್ಲರ ಕಣ್ಣಿಗೂ ಬೀಳುತ್ತದೆ ಅನ್ನುವ ಭಯ ಅಡುಗೆಗೆ ಮಾತ್ರ ಸೀಮಿತವಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಜೊತೆಗಾರರು 2000ದಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ನಾಚಿಕೆ ಪಡುವಂಥ ಚಿತ್ರವಿದ್ದ ಟೀ ಶರ್ಟ್ ಹಾಕಿಸಿ ವಿದ್ಯಾರ್ಥಿಗಳನ್ನು ಬೇರೆಯವರು ಕೂತಿದ್ದ ಕೋಣೆಗೆ ಕಳಿಸಿದರು. ಸುಮಾರು ಅರ್ಧದಷ್ಟು ಜನ ಅದನ್ನು ಗಮನಿಸಿರುತ್ತಾರೆ ಅಂತ ಹಾಕಿಕೊಂಡವರು ಅಂದಾಜು ಮಾಡಿದರು. ನಿಜವಾಗಿ ಗಮನಿಸಿದವರು ಕಾಲು ಭಾಗದ ಆಸುಪಾಸು ಮಾತ್ರ. ಪಲ್ಯಕ್ಕೆ ಉಪ್ಪು ತುಸು ಕಡಿಮೆಯಾದದ್ದೂ ಹಾಗೇ ಅಂದುಕೊಳ್ಳಿ. ಉಪ್ಪಿನ ಬಟ್ಟಲು ಮೇಜಿನ ಮೇಲಿಟ್ಟರೆ ಮುಗಿಯಿತು.

ಯಾರಾದರೂ "ಏನಾದರೂ ಮಾಡಲಾ?" ಅಂತ ಒಳಗೆ ಬಂದರೆ ಬೇಡ ಅನ್ನಬೇಡಿ. ನೀರು ತುಂಬಿಸುವುದು, ತಟ್ಟೆ ಸಾಗಿಸುವಂಥ ಕೆಲಸ ಕೊಡಿ. ಒಲೆ ಮಾತ್ರ ಒಬ್ಬರ ಕೈಯಲ್ಲೇ ಇರಲಿ. ಇಬ್ಬರೂ ಉಪ್ಪು ಹಾಕಿದ ಕಥೆ ಎಲ್ಲ ಮನೆಯಲ್ಲೂ ಇದ್ದದ್ದೇ.

ಊಟ ಮುಗಿದ ಮೇಲೆ ಉಳಿದದ್ದನ್ನು ಹರಟೆಯ ನಡುವೆ ಮರೆಯದೆ ಫ್ರಿಜ್‌ಗೆ ಸೇರಿಸಿ, ಮುಖ್ಯವಾಗಿ ಅನ್ನವನ್ನು. ಅನ್ನದಲ್ಲಿ ಬೇಯಿಸಿದರೂ ಸಾಯದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ಹೊರಗಿಟ್ಟಾಗ ಅವು ಬೆಳೆದು ವಿಷ ಉಂಟುಮಾಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಪಾತ್ರೆ ತೊಳೆಯುವ ಮುಂಚೆ ಚೀಟಿಯ ಹಿಂದೆ ಬರೆದಿಡಿ: ಎಷ್ಟು ಜನ, ಎಷ್ಟು ಅಕ್ಕಿ, ಯಾವುದು ಉಳಿಯಿತು, ಯಾವುದು ಸಾಲಲಿಲ್ಲ. ಮುಂದಿನ ಸಲ ಅಳತೆಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.