ಐವತ್ತು ದಾಟಿದ ಮೇಲೆ ಆಸ್ಪತ್ರೆಯ ಕಾದಂಬರಿ ಬರೆಯೋದು ಹೇಗೆ

ನಾನು ಮೊದಲ ಕಾದಂಬರಿ ಶುರು ಮಾಡಿದಾಗ ವಯಸ್ಸು 56. ಡಾಕ್ಟರ್ ಅಲ್ಲ, ನರ್ಸ್ ಅಲ್ಲ, ಆದರೂ ಐಸಿಯು ಕಥೆಗೇ ಕೈ ಹಾಕಿದ್ದೆ. ಮೊದಲ ಅಧ್ಯಾಯದಲ್ಲೇ ಮಾನಿಟರ್‌ನಲ್ಲಿ ಗೆರೆ ನೇರವಾಯಿತು, ಡಾಕ್ಟರ್ ಓಡಿ ಬಂದು ಶಾಕ್ ಕೊಟ್ಟರು, ರೋಗಿ ಕಣ್ಣು ಬಿಟ್ಟ. ಪರಿಚಯದ ನರ್ಸ್ ಒಬ್ಬರಿಗೆ ಓದಲು ಕೊಟ್ಟರೆ ಅವರು ಅಲ್ಲಿಗೇ ನಿಲ್ಲಿಸಿ ನಕ್ಕುಬಿಟ್ಟರು. ಗೆರೆ ನೇರವಾದ ಹೃದಯಕ್ಕೆ ಶಾಕ್ ಕೊಡುವುದಿಲ್ಲ. ಲಯ ತಪ್ಪಿ ಸುಮ್ಮನೆ ಅದುರುತ್ತಿರುವ ಹೃದಯಕ್ಕೆ ಅದು ಬೇಕು. ಪೂರ್ತಿ ನಿಂತಿದ್ದರೆ ಎದೆ ಒತ್ತಬೇಕು, ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್‌ನಷ್ಟು ಆಳಕ್ಕೆ, ಜೊತೆಗೆ 3ರಿಂದ 5 ನಿಮಿಷಕ್ಕೊಮ್ಮೆ ಅಡ್ರಿನಲಿನ್ ಇಂಜೆಕ್ಷನ್. ಒತ್ತುವಾಗ ಪಕ್ಕೆಲುಬು ಮುರಿಯೋದೂ ಉಂಟು ಅಂದರು. ಆ ಮಾತು ಕೇಳಿ ಅಧ್ಯಾಯವನ್ನೇ ಹೊಸದಾಗಿ ಬರೆದೆ. ಶಾಕ್‌ಗಿಂತ ಎಲುಬು ಮುರಿಯುವ ಆ ಸದ್ದೇ ಒಳ್ಳೆಯ ದೃಶ್ಯ, ಅಲ್ವಾ?

ನೀವೂ ತಡವಾಗಿ ಶುರು ಮಾಡುತ್ತಿದ್ದರೆ ಮೊದಲು ವೈದ್ಯಕೀಯ ಪುಸ್ತಕ ತೆರೆಯಬೇಡಿ. ಈ ವಯಸ್ಸಿಗೆ ಬರುವಷ್ಟರಲ್ಲಿ ಯಾರದಾದರೂ ಹಾಸಿಗೆ ಪಕ್ಕ ರಾತ್ರಿ ಕಳೆದಿರುತ್ತೀರಿ. ಓದದೆಯೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿರುತ್ತೀರಿ, ರೌಂಡ್ಸ್‌ಗೆ ಬಂದ ಡಾಕ್ಟರ್ ಎರಡೇ ಮಾತಾಡಿ ಹೋದಾಗ ಕೇಳಬೇಕಾದ್ದೆಲ್ಲ ಮರೆತು ನಿಂತಿರುತ್ತೀರಿ. ಅಂಥ ಒಂದು ರಾತ್ರಿಯನ್ನು ಹತ್ತು ಪುಟ ಬರೆಯಿರಿ. ಇಪ್ಪತ್ತೈದರ ಹುಡುಗರಿಗೆ ಇದು ಸಿಗೋದು ಕಷ್ಟ.

ಆಮೇಲೆ ಕಾಯಿಲೆ ಆರಿಸಿ. ಒಂದೇ ಸಾಕು. ಹೆಸರು ದೊಡ್ಡದಿದೆ ಅಂತ ಆರಿಸಬೇಡಿ, ಅದರೊಳಗೆ ಗಡಿಯಾರ ಇದೆಯಾ ನೋಡಿ. ತಲೆಗೆ ಏಟು ಬಿದ್ದವನು ಎದ್ದು ಕೂತು ಚೆನ್ನಾಗಿಯೇ ಮಾತಾಡಬಹುದು, ಆದರೆ ಒಳಗೆ ಬುರುಡೆಗೂ ಮೆದುಳಿನ ಪೊರೆಗೂ ನಡುವೆ ರಕ್ತ ತುಂಬುತ್ತಿದ್ದರೆ ಕೆಲವು ಗಂಟೆಗಳಲ್ಲಿ ಕುಸಿದು ಬೀಳುತ್ತಾನೆ. ಆ ಮಧ್ಯದ ಗಂಟೆಗಳಲ್ಲಿ ಅವನು ಮಗಳ ಜೊತೆ ಜಗಳ ಆಡಿದ ಅಂದುಕೊಳ್ಳಿ, ಕಥೆ ತಾನಾಗೇ ನಡೆಯುತ್ತದೆ. ಎದೆನೋವಿನ ಕಥೆಯಲ್ಲೂ ಹೀಗೇ. ಹೃದಯಕ್ಕೆ ಪೆಟ್ಟಾಗಿದೆಯಾ ಅಂತ ರಕ್ತದಲ್ಲಿ ನೋಡುವ ಟ್ರೋಪೋನಿನ್ ಪರೀಕ್ಷೆ ಮೊದಲ ಸಲ ನಾರ್ಮಲ್ ಅಂತಲೇ ಬರಬಹುದು, ಅದಕ್ಕೇ ಕೆಲವು ಗಂಟೆ ಬಿಟ್ಟು ಮತ್ತೆ ಮಾಡುತ್ತಾರೆ. ಎರಡು ರಿಪೋರ್ಟ್‌ಗಳ ನಡುವಿನ ಆ ಕಾಯುವಿಕೆಯಲ್ಲಿ ಒಂದಿಡೀ ಅಧ್ಯಾಯ ಹಿಡಿಯುತ್ತದೆ.

ಡಾಕ್ಟರ್ ಹತ್ತಿರ ಹೋಗುವಾಗ ಬರೆದ ದೃಶ್ಯ ಕೈಯಲ್ಲಿರಲಿ. "ಹಾರ್ಟ್ ಅಟ್ಯಾಕ್ ಬಗ್ಗೆ ಹೇಳಿ" ಅಂದರೆ ಪಾಠ ಸಿಗುತ್ತದೆ. "ಈ ಹೆಂಗಸು ಬಾಗಿಲಲ್ಲಿ ಬಿದ್ದಳು, ನೀವು ಮೊದಲು ಏನು ನೋಡುತ್ತೀರಿ, ಯಾರನ್ನು ಕರೆಯುತ್ತೀರಿ, ಆಗ ಮನಸ್ಸಲ್ಲಿ ಏನು ಓಡುತ್ತದೆ?" ಅಂತ ಕೇಳಿ. ನರ್ಸ್, ವಾರ್ಡ್ ಬಾಯ್, ಆಂಬ್ಯುಲೆನ್ಸ್ ಡ್ರೈವರ್ ಇವರನ್ನೂ ಬಿಡಬೇಡಿ. ಆಪರೇಷನ್‌ನಲ್ಲಿ ಹೊಟ್ಟೆ ಮುಚ್ಚುವ ಮುಂಚೆ ರಕ್ತ ಒರೆಸುವ ಬಟ್ಟೆ, ಸೂಜಿ, ಉಪಕರಣ ಎಲ್ಲ ಎಣಿಸುತ್ತಾರೆ ಅನ್ನೋದು ನನಗೆ ಗೊತ್ತಾಗಿದ್ದು ಒಬ್ಬ ಆಪರೇಷನ್ ಥಿಯೇಟರ್ ನರ್ಸ್‌ನಿಂದ. ಲೆಕ್ಕದಲ್ಲಿ ಒಂದು ಕಡಿಮೆ ಬಂತು ಅಂತ ಇಟ್ಟುಕೊಳ್ಳಿ, ಆ ಕೋಣೆಯಲ್ಲಿ ಯಾರಿಗೆ ಯಾರ ಮೇಲೆ ಎಷ್ಟು ನಂಬಿಕೆ ಅಂತ ಅರ್ಧ ಪುಟದಲ್ಲಿ ತೋರಿಸಬಹುದು.

ಸಿನಿಮಾದಿಂದ ಕಲಿತದ್ದನ್ನು ಮರೆಯಿರಿ. ಬಾಯಲ್ಲಿ ವೆಂಟಿಲೇಟರ್ ಕೊಳವೆ ಇರುವವನು ಕೊನೆಯ ಮಾತು ಹೇಳಲಾರ, ಆ ಕೊಳವೆ ಧ್ವನಿಪಟ್ಟಿಗಳ ನಡುವೆಯೇ ಹಾದುಹೋಗಿರುತ್ತದೆ. ತಿಂಗಳುಗಟ್ಟಲೆ ಕೋಮಾದಲ್ಲಿದ್ದವನು ತಟ್ಟನೆ ಎದ್ದು ನಡೆಯಲಾರ, ಸ್ನಾಯುಗಳೆಲ್ಲ ಸೊರಗಿರುತ್ತವೆ.

ಕಷ್ಟದ ಪದಗಳ ಬಗ್ಗೆ ಜಾಸ್ತಿ ಹೆದರಬೇಡಿ. ಪಾತ್ರಕ್ಕೆ ಅರ್ಥವಾಗದ ಪದ ಓದುಗರಿಗೂ ಅರ್ಥವಾಗದಿದ್ದರೆ ಪರವಾಗಿಲ್ಲ, ಗಾಬರಿ ಇಬ್ಬರಿಗೂ ಒಂದೇ. ಗೊತ್ತಿರುವ ರೋಗಿಯ ಕಥೆಯನ್ನು ಮಾತ್ರ ಹಾಗೇ ಎತ್ತಿಕೊಳ್ಳಬೇಡಿ, ಹೆಸರು ಬದಲಿಸಿದರೂ ಮನೆಯವರು ಗುರುತು ಹಿಡಿಯುತ್ತಾರೆ.

ಸಮಯದ ಲೆಕ್ಕ ಸುಲಭ. ದಿನಕ್ಕೆ 300 ಪದ, ವಾರಕ್ಕೆ ಐದು ದಿನ ಬರೆದರೆ 40 ವಾರದಲ್ಲಿ 60,000 ಪದ. ಮುಗಿದ ಮೇಲೆ ಇಬ್ಬರಿಗೆ ಕೊಡಿ: ವಾರ್ಡಿನಲ್ಲಿ ಕೆಲಸ ಮಾಡುವ ಒಬ್ಬರಿಗೆ, ಇಂಜೆಕ್ಷನ್ ಕಂಡರೇ ಮುಖ ತಿರುಗಿಸುವ ಇನ್ನೊಬ್ಬರಿಗೆ. ಮೊದಲನೆಯವರು ನಕ್ಕ ಕಡೆ ತಿದ್ದಿ. ಎರಡನೆಯವರು ಪುಟ ಹಾರಿಸಿದ ಕಡೆ ಕತ್ತರಿಸಿ.