ಇಂಗ್ಲೆಂಡಿನಲ್ಲಿ ಮನೆ ಹಿಗ್ಗಿಸುವಾಗ: ಯಾವ ಅನುಮತಿ ಯಾರ ಕೈಯಲ್ಲಿ, ಯಾವ ಹೊಣೆ ಯಾರ ಮೇಲೆ

ಊರಿನಲ್ಲಿ ಮನೆ ಕಟ್ಟಿಸುವವರಿಗೆ ಬಹಳ ಸಲ ಒಬ್ಬ ಎಂಜಿನಿಯರ್ ಸಾಕು. ಪ್ಲ್ಯಾನ್ ಹಾಕುವುದು, ಸ್ಯಾಂಕ್ಷನ್ ಮಾಡಿಸುವುದು, ಮೇಸ್ತ್ರಿಯನ್ನು ಗೊತ್ತುಮಾಡುವುದು, ಮೋಲ್ಡ್ ಹಾಕುವ ದಿನ ಬಂದು ಕಂಬಿ ನೋಡುವುದು ಎಲ್ಲವೂ ಅವರ ತಲೆಗೇ. ಇಂಗ್ಲೆಂಡಿನಲ್ಲಿ ಇದೇ ಕೆಲಸ ಐದಾರು ಕೈಗೆ ಹಂಚಿಹೋಗಿದೆ. ಆ ಕೈಗಳನ್ನು ಜೋಡಿಸುವವರು ಯಾರು ಎಂದು ಕಾಗದದಲ್ಲಿ ಬರೆಸಿಕೊಳ್ಳದಿದ್ದರೆ ಅದು ಮನೆಯವರ ತಲೆಗೇ ಬರುತ್ತದೆ. ಅಡುಗೆಮನೆಯನ್ನು ಹಿತ್ತಲಿಗೆ ಚಾಚುವುದಿರಲಿ, ಸೂರಿನಡಿಯ ಅಟ್ಟವಾದ ಲಾಫ್ಟನ್ನು ಕೋಣೆ ಮಾಡುವುದಿರಲಿ, ಬಹುಪಾಲು ತೊಂದರೆಗಳ ಮೂಲ ಇದೇ.

ಇಲ್ಲಿ ಹೇಳುವುದೆಲ್ಲ ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡಿನಲ್ಲಿ ಕೆಲಸಕ್ಕೆ ಕೈಹಾಕುವ ಮೊದಲೇ ಬಿಲ್ಡಿಂಗ್ ವಾರಂಟ್ ಬೇಕು, ನೆರೆಯವರೊಂದಿಗೆ ಹಂಚಿಕೊಂಡ ಗೋಡೆಯ ಕುರಿತ ಪಾರ್ಟಿ ವಾಲ್ ಕಾಯ್ದೆ ಅಲ್ಲಿಲ್ಲ. ವೇಲ್ಸ್ ಮತ್ತು ಉತ್ತರ ಐರ್ಲೆಂಡಿನ ನಿಯಮಗಳೂ ಬೇರೆ.

ಎರಡು ಒಪ್ಪಿಗೆ, ಎರಡು ಇಲಾಖೆ

ಪ್ಲಾನಿಂಗ್ ಬೇರೆ, ಬಿಲ್ಡಿಂಗ್ ರೆಗ್ಯುಲೇಷನ್ಸ್ ಬೇರೆ. ಕಟ್ಟಡ ಹೊರಗಿನಿಂದ ಹೇಗೆ ಕಾಣುತ್ತದೆ, ಪಕ್ಕದ ಮನೆಯ ಬೆಳಕು ಕಸಿಯುತ್ತದೆಯೇ, ಅವರ ಹಿತ್ತಲಿಗೆ ಇಣುಕುತ್ತದೆಯೇ ಎಂಬುದನ್ನು ನೋಡುವುದು ಪ್ಲಾನಿಂಗ್. ಗೋಡೆ ನಿಲ್ಲುತ್ತದೆಯೇ, ಬೆಂಕಿ ಬಿದ್ದರೆ ಹೊರಬರಲು ದಾರಿಯಿದೆಯೇ, ಶಾಖ ಸೋರುತ್ತದೆಯೇ, ಚರಂಡಿ ಹರಿಯುತ್ತದೆಯೇ ಎಂಬುದು ಬಿಲ್ಡಿಂಗ್ ರೆಗ್ಯುಲೇಷನ್ಸ್. ಪ್ಲಾನಿಂಗ್ ಬಂತು ಎಂದ ಮಾತ್ರಕ್ಕೆ ತೊಲೆಯ ಲೆಕ್ಕವನ್ನು ಯಾರಾದರೂ ನೋಡಿದ್ದಾರೆ ಎಂದಲ್ಲ. ಪ್ಲಾನಿಂಗ್ ಬೇಡದ ಕೆಲಸಕ್ಕೂ ಬಿಲ್ಡಿಂಗ್ ರೆಗ್ಯುಲೇಷನ್ಸ್ ಬೇಕಾಗುವುದೇ ಹೆಚ್ಚು.

ಪ್ಲಾನಿಂಗ್ ಅರ್ಜಿಯಿಲ್ಲದೆ ಕಟ್ಟಬಹುದಾದಷ್ಟನ್ನು ಪರ್ಮಿಟೆಡ್ ಡೆವಲಪ್‌ಮೆಂಟ್ ಎನ್ನುತ್ತಾರೆ. 2015ರ ಆದೇಶದ ಪ್ರಕಾರ ಹಿಂಬದಿಗೆ ಒಂದಂತಸ್ತಿನ ಎಕ್ಸ್‌ಟೆನ್ಷನ್ ಸೆಮಿ (ಒಂದು ಬದಿ ಪಕ್ಕದ ಮನೆಗೆ ಅಂಟಿದ್ದು) ಅಥವಾ ಟೆರೇಸ್ (ಸಾಲುಮನೆ) ಮನೆಗೆ 3 ಮೀಟರ್, ಡಿಟ್ಯಾಚ್ಡ್ (ಒಂಟಿ) ಮನೆಗೆ 4 ಮೀಟರ್ ಚಾಚಬಹುದು. ಎತ್ತರ 4 ಮೀಟರ್ ದಾಟಬಾರದು. ಗಡಿಯಿಂದ 2 ಮೀಟರ್ ಒಳಗಿದ್ದರೆ ಸೂರಿನ ಕೆಳ ಅಂಚಿನ ಎತ್ತರ 3 ಮೀಟರ್ ಮೀರಬಾರದು. ಇನ್ನೂ ದೊಡ್ಡದು ಬೇಕೆಂದರೆ ಪ್ರಯರ್ ಅಪ್ರೂವಲ್ ಎಂಬ ದಾರಿಯಿದೆ: 6 ಅಥವಾ 8 ಮೀಟರ್‌ವರೆಗೆ. ಕೌನ್ಸಿಲ್ (ಸ್ಥಳೀಯ ಆಡಳಿತ) ನೆರೆಯವರಿಗೆ ತಿಳಿಸಿ, 42 ದಿನದೊಳಗೆ ಉತ್ತರ ಕೊಡಬೇಕು. ಪಕ್ಕಕ್ಕೆ ಕಟ್ಟುವುದಾದರೆ ಒಂದೇ ಅಂತಸ್ತು, ಅಗಲ ಮೂಲ ಮನೆಯ ಅರ್ಧಕ್ಕಿಂತ ಹೆಚ್ಚಿಲ್ಲ. ಪಕ್ಕ ಮತ್ತು ಹಿಂಬದಿ ಸೇರಿಸಿ ಎಲ್ ಆಕಾರದಲ್ಲಿ ಸುತ್ತಿಸಿದರೆ ಈ ಅರ್ಧದ ಮಿತಿ ಸಾಮಾನ್ಯವಾಗಿ ಮುರಿದೇ ಹೋಗುತ್ತದೆ, ಆಗ ಪೂರ್ತಿ ಅರ್ಜಿಯೇ ಗತಿ.

ಮೂಲ ಮನೆ ಎಂದರೆ ನೀವು ಕೊಂಡಾಗ ಇದ್ದ ಮನೆಯಲ್ಲ. 1948ರ ಜುಲೈ 1ರಂದು ಇದ್ದದ್ದು, ಆಮೇಲೆ ಕಟ್ಟಿದ್ದಾದರೆ ಮೊದಲು ಕಟ್ಟಿದಾಗ ಇದ್ದದ್ದು. ಹಿಂದಿನ ಮಾಲೀಕರು 2 ಮೀಟರ್ ಚಾಚಿ ಹೋಗಿದ್ದರೆ ನಿಮ್ಮ 3ರಲ್ಲಿ ಉಳಿದದ್ದು 1 ಮಾತ್ರ. ಲಾಫ್ಟಿಗೂ ಇದೇ ಲೆಕ್ಕ: ಟೆರೇಸ್ ಮನೆಗೆ ಒಟ್ಟು 40 ಘನ ಮೀಟರ್, ಉಳಿದವಕ್ಕೆ 50, ಸೂರಿನಿಂದ ಹೊರಚಾಚಿದ ಹಳೆಯ ಕಿಟಕಿಗೂಡು (ಡಾರ್ಮರ್) ಇದ್ದರೆ ಅದೂ ಇದರಲ್ಲೇ ಕಳೆಯುತ್ತದೆ.

ಫ್ಲ್ಯಾಟುಗಳಿಗೆ ಈ ಸೌಲಭ್ಯವಿಲ್ಲ. ಹಳೆಯ ರೂಪ ಕಾಪಾಡಲು ಗುರುತಿಸಿದ ಕನ್ಸರ್ವೇಷನ್ ಏರಿಯಾದಲ್ಲಿ ಕಡಿಮೆ. ನಮ್ಮವರು ಹೆಚ್ಚಾಗಿ ಕೊಳ್ಳುವ ಹೊಸ ಎಸ್ಟೇಟಿನ ಮನೆಗಳಲ್ಲಿ ಇನ್ನೊಂದು ಹಿಡಿತವಿದೆ: ಎಸ್ಟೇಟಿಗೆ ಮೊದಲು ಪ್ಲಾನಿಂಗ್ ಕೊಟ್ಟಾಗಲೇ ಈ ಹಕ್ಕನ್ನು ಷರತ್ತಿನಲ್ಲಿ ತೆಗೆದುಹಾಕಿರುತ್ತಾರೆ. ಕೌನ್ಸಿಲ್ ವೆಬ್‌ಸೈಟಿನಲ್ಲಿ ಆ ಹಳೆಯ ಡಿಸಿಷನ್ ನೋಟಿಸ್ ಹುಡುಕಿ ಓದಿ. ಕ್ರಯಪತ್ರದಲ್ಲಿ ಒಪ್ಪಿಗೆಯಿಲ್ಲದೆ ಕಟ್ಟಬಾರದೆಂಬ ಷರತ್ತು (ಕವನೆಂಟ್) ಇದ್ದರೆ ಡೆವಲಪರ್ ಕಂಪನಿಯ ಒಪ್ಪಿಗೆಯೂ ಬೇಕಾಗಬಹುದು, ಕೌನ್ಸಿಲಿಗೂ ಅದಕ್ಕೂ ಸಂಬಂಧವಿಲ್ಲ. ಲೀಸ್‌ಹೋಲ್ಡ್ ಆದರೆ ನೆಲದ ಒಡೆಯರಾದ ಫ್ರೀಹೋಲ್ಡರ್ ಒಪ್ಪಿಗೆ.

ವಾಸ್ತು ನೋಡಿ ಮುಂಬಾಗಿಲ ಬಳಿ ಏನಾದರೂ ಕಟ್ಟುವ ಯೋಚನೆಯಿದ್ದರೆ, ಮುಂಭಾಗಕ್ಕೆ ಎಕ್ಸ್‌ಟೆನ್ಷನ್ ಅರ್ಜಿಯಿಲ್ಲದೆ ಆಗುವುದಿಲ್ಲ. ಆಗುವುದು ಪೋರ್ಚ್ ಮಾತ್ರ: ಹೊರಗಿನ ಅಳತೆಯಲ್ಲಿ 3 ಚದರ ಮೀಟರ್, ಎತ್ತರ 3 ಮೀಟರ್, ರಸ್ತೆಯ ಗಡಿಯಿಂದ 2 ಮೀಟರ್ ದೂರ.

ಅರ್ಜಿ ಬೇಡವೆಂದು ಖಾತ್ರಿಯಾಗಿದ್ದರೂ, ಕಟ್ಟುವುದು ಕಾನೂನುಬದ್ಧ ಎಂದು ಕೌನ್ಸಿಲ್ ಕೊಡುವ ಲಾಫುಲ್ ಡೆವಲಪ್‌ಮೆಂಟ್ ಸರ್ಟಿಫಿಕೇಟ್ ತೆಗೆದುಕೊಳ್ಳುವುದು ಜಾಣತನ. ಕಡ್ಡಾಯವಲ್ಲ, ಆದರೆ ಮನೆ ಮಾರುವಾಗ ಕೊಳ್ಳುವವರ ಸಾಲಿಸಿಟರ್ (ವಕೀಲರು) ಕೇಳುವ ಮೊದಲ ಕಾಗದಗಳಲ್ಲಿ ಇದೊಂದು. ಪೂರ್ತಿ ಅರ್ಜಿಯ ಶುಲ್ಕದ ಅರ್ಧ ಇದಕ್ಕೆ. ಪೂರ್ತಿ ಶುಲ್ಕ 2025ರ ಏಪ್ರಿಲ್‌ನಲ್ಲಿ 528 ಪೌಂಡ್ ಆಯಿತು. ಪೂರ್ತಿ ಅರ್ಜಿ ಸ್ವೀಕಾರವಾದ ಮೇಲೆ ತೀರ್ಮಾನಕ್ಕೆ 8 ವಾರ. ತಿರಸ್ಕರಿಸಿದರೆ 12 ವಾರದೊಳಗೆ ಅಪೀಲು. ಒಪ್ಪಿಗೆ ಸಿಕ್ಕರೆ 3 ವರ್ಷದೊಳಗೆ ಕೆಲಸ ಶುರುವಾಗಬೇಕು.

ಯಾರು ಯಾರು

ಆರ್ಕಿಟೆಕ್ಟ್ ಎಂಬ ಹೆಸರನ್ನು 1997ರ ಆರ್ಕಿಟೆಕ್ಟ್ಸ್ ಆಕ್ಟ್ ಕಾಯ್ದಿರಿಸಿದೆ. ಎಆರ್‌ಬಿ ಎಂಬ ನೋಂದಣಿ ಮಂಡಳಿಯ ಪಟ್ಟಿಯಲ್ಲಿರುವವರು ಮಾತ್ರ ಆ ಹೆಸರಿನಲ್ಲಿ ವೃತ್ತಿ ನಡೆಸಬಹುದು. ಆ ಪಟ್ಟಿಯನ್ನು ಯಾರೂ ಆನ್‌ಲೈನಿನಲ್ಲಿ ನೋಡಬಹುದು. ಆರ್ಕಿಟೆಕ್ಚರಲ್ ಡಿಸೈನರ್ ಎಂದು ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು. ಅವರಲ್ಲೂ ಒಳ್ಳೆಯವರಿದ್ದಾರೆ, ವಿಮೆ ಇದೆಯೇ ಎಂದು ಮಾತ್ರ ಕೇಳಿ. ಚಾರ್ಟರ್ಡ್ ಆರ್ಕಿಟೆಕ್ಚರಲ್ ಟೆಕ್ನಾಲಜಿಸ್ಟ್ ಎಂಬವರು ಮನೆ ಎಕ್ಸ್‌ಟೆನ್ಷನ್ನಿಗೆ ಬಹಳ ಸಲ ಸರಿಯಾದ ಆಯ್ಕೆ, ಏಕೆಂದರೆ ಅವರ ತರಬೇತಿಯೆಲ್ಲ ತಾಂತ್ರಿಕ ನಕ್ಷೆಯ ಮೇಲೆ. ಎಂಜಿನಿಯರ್ ಎಂಬ ಹೆಸರಿಗೆ ಮಾತ್ರ ಕಾನೂನಿನ ರಕ್ಷಣೆ ಇಲ್ಲ. ಸ್ಟ್ರಕ್ಚರಲ್ ಲೆಕ್ಕಕ್ಕೆ ಇನ್‌ಸ್ಟಿಟ್ಯೂಷನ್ ಆಫ್ ಸ್ಟ್ರಕ್ಚರಲ್ ಎಂಜಿನಿಯರ್ಸ್ ಅಥವಾ ಇನ್‌ಸ್ಟಿಟ್ಯೂಷನ್ ಆಫ್ ಸಿವಿಲ್ ಎಂಜಿನಿಯರ್ಸ್‌ನ ಚಾರ್ಟರ್ಡ್ ಸದಸ್ಯರನ್ನು ನೋಡಿ.

ಎಲ್ಲರೂ ಎಡವುವ ಜಾಗ ಒಂದಿದೆ. ಆರ್ಕಿಟೆಕ್ಟರ ಸಂಸ್ಥೆಯಾದ ರಿಬಾದ ಪ್ಲ್ಯಾನ್ ಆಫ್ ವರ್ಕ್‌ನಲ್ಲಿ ಕೆಲಸವನ್ನು 0ಯಿಂದ 7ರವರೆಗೆ ಹಂತಗಳಾಗಿ ಒಡೆದಿದ್ದಾರೆ. ಪ್ಲಾನಿಂಗಿಗೆ ಹೋಗುವ ನಕ್ಷೆ 3ನೇ ಹಂತದ್ದು: ಹೊರಗಿನ ರೂಪ, ಕಿಟಕಿಯ ಜಾಗ, ಒಟ್ಟು ಅಳತೆ. ಕಟ್ಟಲು ಬೇಕಾದದ್ದು 4ನೇ ಹಂತದ್ದು: ಪಾಯದ ಆಳ, ಇನ್ಸುಲೇಷನ್ನಿನ ದಪ್ಪ, ತೊಲೆಯ ನಂಬರು, ಚರಂಡಿಯ ಇಳಿಜಾರು. ಕಡಿಮೆ ದರ ಹೇಳಿದವರು ಬಹಳ ಸಲ 3ಕ್ಕೇ ನಿಲ್ಲಿಸಿರುತ್ತಾರೆ. ಆ ಎರಡು ಹಾಳೆ ಹಿಡಿದು ಮೂವರು ಬಿಲ್ಡರ್‌ಗಳಿಂದ ಕೊಟೇಷನ್ ತರಿಸಿದರೆ ಮೂವರೂ ಮೂರು ಬೇರೆ ಮನೆಗಳ ಬೆಲೆ ಹೇಳುತ್ತಾರೆ, ಕಾಣದ್ದನ್ನೆಲ್ಲ ಎಕ್ಸ್‌ಟ್ರಾ ಎಂದು ಆಮೇಲೆ ಸೇರಿಸುತ್ತಾರೆ. ಯಾವ ಹಂತದವರೆಗೆ, ಸೈಟಿಗೆ ಬರುತ್ತಾರೋ ಇಲ್ಲವೋ, ಎಂಜಿನಿಯರ್ ಫೀ ಒಳಗೋ ಹೊರಗೋ, ಇಷ್ಟನ್ನು ಮೊದಲೇ ಬರಹದಲ್ಲಿ ಪಡೆಯಿರಿ.

ಬಿಲ್ಡಿಂಗ್ ಕಂಟ್ರೋಲ್ ನಿಮ್ಮ ಸೂಪರ್‌ವೈಸರ್ ಅಲ್ಲ

ರೆಗ್ಯುಲೇಷನ್ ನೋಡುವವರು ಕೌನ್ಸಿಲಿನ ಬಿಲ್ಡಿಂಗ್ ಕಂಟ್ರೋಲ್ ಆಗಿರಬಹುದು, ನೋಂದಾಯಿತ ಖಾಸಗಿ ಅಪ್ರೂವರ್ ಆಗಿರಬಹುದು. ಆರಿಸುವುದು ನೀವು, ಬಿಲ್ಡರ್ ತನಗೆ ಗೊತ್ತಿರುವವರನ್ನು ತರಲು ಬಿಡುವುದು ಒಳ್ಳೆಯದಲ್ಲ. ಕೌನ್ಸಿಲ್ ಮೂಲಕ ಹೋದರೆ ಎರಡು ದಾರಿ. ಫುಲ್ ಪ್ಲಾನ್ಸ್‌ನಲ್ಲಿ ನಕ್ಷೆ, ಲೆಕ್ಕ ಎಲ್ಲ ಮೊದಲೇ ಪರಿಶೀಲನೆಯಾಗುತ್ತದೆ. ಬಿಲ್ಡಿಂಗ್ ನೋಟಿಸ್‌ನಲ್ಲಿ ತಿಳಿಸಿ ಶುರುಮಾಡಬಹುದು, ಆದರೆ ತಪ್ಪು ಗೊತ್ತಾಗುವುದು ಗೋಡೆ ಎದ್ದ ಮೇಲೆ. ತೊಲೆ, ಪಾಯ ಇರುವ ಯಾವ ಕೆಲಸಕ್ಕೂ ಫುಲ್ ಪ್ಲಾನ್ಸೇ ಸರಿ.

ಇನ್‌ಸ್ಪೆಕ್ಟರ್ ಬರುವುದು ಕೆಲವೇ ಸಲ: ಕಾಂಕ್ರೀಟಿಗೆ ಮೊದಲು ಪಾಯದ ಗುಂಡಿ ನೋಡಲು, ನೆಲದ ತೇವ ಏರದಂತೆ ತಡೆಯುವ ಡ್ಯಾಂಪ್ ಪ್ರೂಫ್ ಹಂತಕ್ಕೆ, ಚರಂಡಿ ಮುಚ್ಚುವ ಮೊದಲು, ಸ್ಟೀಲ್ ಮತ್ತು ಇನ್ಸುಲೇಷನ್ ಕಾಣುವಾಗ, ಕೊನೆಗೆ. ಪ್ಲಾಸ್ಟರ್ ಅಂಕುಡೊಂಕೋ, ಟೈಲ್ಸ್ ಸರಿಯಾಗಿ ಕೂತಿದೆಯೋ ಎಂದು ಅವರು ನೋಡುವುದಿಲ್ಲ. ಆದರೆ ಅವರು ಬರುವ ಮೊದಲೇ ಬಿಲ್ಡರ್ ಮುಚ್ಚಿಬಿಟ್ಟರೆ ಬಿಚ್ಚಿ ತೋರಿಸಿ ಎನ್ನುವ ಅಧಿಕಾರ ಅವರಿಗಿದೆ.

ಹಣ ಹೆಚ್ಚಾಗಿ ಸೋರುವುದು ಪಾಯದಲ್ಲಿ. ಲಂಡನ್ನಿನ ಸುತ್ತ ಜೇಡಿಮಣ್ಣು; ಒಣಗಿದರೆ ಕುಗ್ಗುತ್ತದೆ, ನೆನೆದರೆ ಹಿಗ್ಗುತ್ತದೆ, ಹತ್ತಿರ ಮರವಿದ್ದರೆ ಬೇರು ನೀರೆಳೆದು ಇನ್ನೂ ಕುಗ್ಗಿಸುತ್ತದೆ. ಮಣ್ಣಿನ ಗುಣ ನೋಡಿ ಕನಿಷ್ಠ ಆಳ 0.75, 0.9 ಅಥವಾ 1 ಮೀಟರ್ ಎಂದು ಹೊಸ ಮನೆಗಳಿಗೆ, ಅವಕ್ಕೆ ವಾರಂಟಿ ಕೊಡುವ ಸಂಸ್ಥೆ ಎನ್‌ಎಚ್‌ಬಿಸಿ ಹೇಳುತ್ತದೆ, ಎಕ್ಸ್‌ಟೆನ್ಷನ್ನಿಗೂ ಅದನ್ನೇ ಅಳತೆಗೋಲಾಗಿ ಬಳಸುತ್ತಾರೆ. ಮರದ ಜಾತಿ, ಎತ್ತರ, ದೂರ ನೋಡಿ ಆಳ ಇನ್ನೂ ಹೆಚ್ಚುತ್ತದೆ. 4 ಮೀಟರ್ ಅಗಲ, 3 ಮೀಟರ್ ಚಾಚಿನ ಎಕ್ಸ್‌ಟೆನ್ಷನ್ ಎಂದುಕೊಳ್ಳಿ. ಮೂರು ಬದಿಯ ಗುಂಡಿ ಒಟ್ಟು 10 ಮೀಟರ್ ಉದ್ದ, 0.6 ಮೀಟರ್ ಅಗಲ. 1 ಮೀಟರ್ ಆಳಕ್ಕೆ 6 ಘನ ಮೀಟರ್. ಗುಂಡಿಯಲ್ಲಿ ಓಕ್ ಮರದ ಬೇರು ಕಂಡು ಇನ್‌ಸ್ಪೆಕ್ಟರ್ 2 ಮೀಟರ್ ಎಂದರೆ 12. ಮಣ್ಣು ತುಂಬುವ ದೊಡ್ಡ 8 ಘನ ಯಾರ್ಡ್ ತೊಟ್ಟಿಗೆ (ಸ್ಕಿಪ್) ಹಿಡಿಸುವುದೇ ಸುಮಾರು 6 ಘನ ಮೀಟರ್, ಅಗೆದ ಮಣ್ಣು ಸಡಿಲವಾಗಿ ಅದಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ. ಹಾಗಾಗಿ ಮಣ್ಣು ಸಾಗಿಸುವ ಖರ್ಚೂ ಕಾಂಕ್ರೀಟೂ ಒಟ್ಟಿಗೆ ಏರುತ್ತವೆ. ಕೊಟೇಷನ್ನಿನಲ್ಲಿ ಪಾಯ ಎಷ್ಟು ಆಳಕ್ಕೆ, ಅದರಾಚೆ ಪ್ರತಿ ಘನ ಮೀಟರಿಗೆ ಎಷ್ಟು ಎಂದು ಬರೆಸಿ. ಗುಂಡಿ ತೋಡಿದ ಮೇಲೆ ಚೌಕಾಸಿ ನಡೆಯುವುದಿಲ್ಲ.

ಹಿತ್ತಲಿನ ಮ್ಯಾನ್‌ಹೋಲನ್ನೂ ಮೊದಲೇ ಎತ್ತಿ ನೋಡಿ. ಎರಡು ಮನೆಗಳ ನೀರು ಹರಿಯುವ ಕೊಳವೆಗಳು 2011ರ ಅಕ್ಟೋಬರ್‌ನಿಂದ ಬಹುತೇಕ ನೀರಿನ ಕಂಪನಿಯ ಆಸ್ತಿ. ಅದರಿಂದ 3 ಮೀಟರ್ ಒಳಗೆ ಕಟ್ಟುವುದಾದರೆ ಆ ಕಂಪನಿಯ ಬಿಲ್ಡ್ ಓವರ್ ಒಪ್ಪಿಗೆ ಬೇಕು. ಹೊಸ ಅಡುಗೆಮನೆಯ ನೆಲದ ನಡುವೆ ಮ್ಯಾನ್‌ಹೋಲ್ ಬರುವುದನ್ನು ಅವರು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಗಾಜಿಗೂ ಮಿತಿಯಿದೆ. ಕಿಟಕಿ, ಗಾಜಿನ ಬಾಗಿಲು, ಸ್ಕೈಲೈಟ್ ಸೇರಿ ಎಕ್ಸ್‌ಟೆನ್ಷನ್ನಿನ ನೆಲದ 25% ಮತ್ತು ಅದರಿಂದ ಮುಚ್ಚಿಹೋದ ಹಳೆಯ ಕಿಟಕಿ, ಬಾಗಿಲುಗಳ ವಿಸ್ತೀರ್ಣ, ಇಷ್ಟೇ. ಮೀರಿದರೆ ಬೇರೆ ಕಡೆ ಇನ್ಸುಲೇಷನ್ ಹೆಚ್ಚಿಸಿ ಲೆಕ್ಕ ತೋರಿಸಬೇಕು. ಶಾಖ ಎಷ್ಟು ಸೋರುತ್ತದೆ ಎಂದು ಅಳೆಯುವ ಯು ವ್ಯಾಲ್ಯೂ ಹೊಸ ಗೋಡೆಗೆ 0.18, ಸೂರಿಗೆ 0.15 ಮೀರಬಾರದು. ಅಡುಗೆಮನೆಯ ಫ್ಯಾನು ಒಲೆಯ ಮೇಲೆಯೇ ಇದ್ದು ಹೊರಗೆ ಹೋಗುವುದಾದರೆ ಸೆಕೆಂಡಿಗೆ 30 ಲೀಟರ್, ಬೇರೆ ಕಡೆಯಿದ್ದರೆ 60 ಲೀಟರ್ ಗಾಳಿ ಎಳೆಯಬೇಕು. ಗಾಳಿಯನ್ನು ಸೋಸಿ ಮತ್ತೆ ಒಳಗೇ ಬಿಡುವ ಹುಡ್ ಈ ಲೆಕ್ಕಕ್ಕೆ ಬರುವುದಿಲ್ಲ; ಒಗ್ಗರಣೆ ಹಾಕುವ ಮನೆಗೆ ಅದು ಹೇಗೂ ಪ್ರಯೋಜನವಿಲ್ಲ. ಡಕ್ಟ್ ಹೊರಗೋಡೆಗೆ ಹತ್ತಿರವಿರುವಂತೆ ಒಲೆಯ ಜಾಗ ಆರಿಸಿ.

ಮುಂದೊಂದು ದಿನ ಲಾಫ್ಟೂ ಮಾಡುವ ಆಸೆಯಿದ್ದರೆ ಎರಡನ್ನೂ ಈಗಲೇ ಒಟ್ಟಿಗೆ ಯೋಚಿಸಿ. ಎರಡಂತಸ್ತಿನ ಮನೆಗೆ ಲಾಫ್ಟ್ ಸೇರಿದರೆ ಮೇಲಿನ ನೆಲ 4.5 ಮೀಟರ್ ದಾಟುತ್ತದೆ. ಆಗ ಮೇಲಿಂದ ಮುಂಬಾಗಿಲವರೆಗೆ ಮೆಟ್ಟಿಲು ಬೆಂಕಿ ತಡೆಯುವ ಗೋಡೆ, ಬೆಂಕಿ ತಡೆಯುವ ಬಾಗಿಲುಗಳ ಒಳಗಿರಬೇಕು. ಎಕ್ಸ್‌ಟೆನ್ಷನ್ ನೆಪದಲ್ಲಿ ಹಾಲ್‌ವೇ ಗೋಡೆ ಒಡೆದು ಎಲ್ಲ ಒಂದೇ ಮಾಡಿದವರು ಲಾಫ್ಟಿನ ಕಾಲಕ್ಕೆ ಅದೇ ಗೋಡೆಯನ್ನು ಮತ್ತೆ ಕಟ್ಟುತ್ತಾರೆ, ಇಲ್ಲವೇ ಸ್ಪ್ರಿಂಕ್ಲರ್‌ನಂಥ ಬೇರೆ ವ್ಯವಸ್ಥೆಗೆ ದುಡ್ಡು ಸುರಿಯುತ್ತಾರೆ. ಲಾಫ್ಟಿನ ಮೆಟ್ಟಿಲಿಗೆ ತಲೆಯ ಮೇಲೆ 2 ಮೀಟರ್ ಬೇಕು. ಜಾಗವಿಲ್ಲದಿದ್ದರೆ ನಡುವೆ 1.9, ಅಂಚಿನಲ್ಲಿ 1.8 ಮೀಟರ್.

ಪಕ್ಕದ ಮನೆಯವರಿಗೆ ನೋಟಿಸ್

1996ರ ಪಾರ್ಟಿ ವಾಲ್ ಕಾಯ್ದೆಗೂ ಕೌನ್ಸಿಲಿಗೂ ಸಂಬಂಧವಿಲ್ಲ, ಅದಕ್ಕೇ ಅನೇಕರು ಮರೆಯುತ್ತಾರೆ. ಇಬ್ಬರಿಗೂ ಸೇರಿದ ಗೋಡೆಯಲ್ಲಿ ತೊಲೆ ಕೂರಿಸುವುದಾದರೆ 2 ತಿಂಗಳು ಮೊದಲು, ಅವರ ಕಟ್ಟಡದಿಂದ 3 ಮೀಟರ್ ಒಳಗೆ ಅವರ ಪಾಯಕ್ಕಿಂತ ಆಳ ಅಗೆಯುವುದಾದರೆ 1 ತಿಂಗಳು ಮೊದಲು ನೋಟಿಸ್ ಕೊಡಬೇಕು. 14 ದಿನದೊಳಗೆ ಬರಹದಲ್ಲಿ ಒಪ್ಪದಿದ್ದರೆ ವಿವಾದವೆಂದೇ ಲೆಕ್ಕ, ಸುಮ್ಮನಿರುವುದು ಒಪ್ಪಿಗೆಯಲ್ಲ. ಆಮೇಲೆ ಅದನ್ನು ಇತ್ಯರ್ಥ ಮಾಡಲು ಸರ್ವೇಯರ್. ಇಬ್ಬರಿಗೂ ಒಬ್ಬರೇ ಆಗಬಹುದು, ನೆರೆಯವರು ತಮ್ಮದೇ ಸರ್ವೇಯರ್ ಬೇಕೆಂದರೆ ಆ ಫೀಯನ್ನೂ ಸಾಮಾನ್ಯವಾಗಿ ಕಟ್ಟಿಸುವವರೇ ಕೊಡಬೇಕು. ನೋಟಿಸ್ ಹೋಗುವ ಮೊದಲು ನಕ್ಷೆ ಹಿಡಿದು ಹೋಗಿ ಮಾತಾಡಿದರೆ ಎಷ್ಟೋ ಕಡೆ ಸಹಿ ಅಲ್ಲೇ ಸಿಗುತ್ತದೆ. ಸಹಿ ಸಿಕ್ಕರೂ ಅವರ ಗೋಡೆಗಳ ಈಗಿನ ಬಿರುಕುಗಳ ಫೋಟೋ, ದಿನಾಂಕ ಸಮೇತ, ಇಬ್ಬರ ಬಳಿಯೂ ಇರಲಿ.

ದುಡ್ಡು ಮತ್ತು ಕಾಗದ

ಎಕ್ಸ್‌ಟೆನ್ಷನ್ನಿಗೆ ವ್ಯಾಟ್ 20%. ಕೊಟೇಷನ್ನಿನ ಕೊನೆಯಲ್ಲಿ ಪ್ಲಸ್ ವ್ಯಾಟ್ ಎಂಬ ಎರಡು ಪದವಿದ್ದರೆ 60,000 ಪೌಂಡ್ ಎಂದದ್ದು 72,000 ಆಗುತ್ತದೆ. ಕಟ್ಟಡ ಉದ್ಯಮದ ಸಂಸ್ಥೆ ಜೆಸಿಟಿಯ ಹೋಮ್ ಓನರ್ ಒಪ್ಪಂದದಂಥ ಸಿದ್ಧ ಕರಾರು ಬಳಸಿ. ಹಣವನ್ನು ವಾರದ ಲೆಕ್ಕದಲ್ಲಿ ಕೊಡಬೇಡಿ, ಮುಗಿದ ಹಂತದ ಲೆಕ್ಕದಲ್ಲಿ ಕೊಡಿ: ಪಾಯ, ಗೋಡೆ, ಸೂರು ಮುಚ್ಚಿದ್ದು, ಮೊದಲ ಹಂತದ ವಿದ್ಯುತ್ ಮತ್ತು ಪ್ಲಂಬಿಂಗ್, ಪ್ಲಾಸ್ಟರ್, ಮುಕ್ತಾಯ. ಪ್ರತಿ ಕಂತಿನಲ್ಲಿ 5% ಹಿಡಿದಿಟ್ಟು, ಅರ್ಧವನ್ನು ಮುಗಿದಾಗ, ಉಳಿದರ್ಧವನ್ನು ಕೆಲವು ತಿಂಗಳ ನಂತರ ದೋಷ ಸರಿಪಡಿಸಿದ ಮೇಲೆ ಕೊಡುವುದು ವಾಡಿಕೆ. ಶುರುವಾಗುವ ಮೊದಲು ಮನೆಯ ವಿಮಾ ಕಂಪನಿಗೂ ಸಾಲ ಕೊಟ್ಟ ಬ್ಯಾಂಕಿಗೂ ತಿಳಿಸಿ. ಹೇಳದೆ ಗೋಡೆ ಒಡೆದಿದ್ದರೆ ವಿಮೆ ಕೈಕೊಡಬಹುದು.

ಕೊನೆಯ ಕಂತನ್ನು ಕಂಪ್ಲೀಷನ್ ಸರ್ಟಿಫಿಕೇಟಿಗೆ ಕಟ್ಟಿಹಾಕಿ. ಅದು ತಾನಾಗಿ ಬರುವುದಿಲ್ಲ. ವಿದ್ಯುತ್ತಿನ ಸರ್ಟಿಫಿಕೇಟ್, ಬಾಯ್ಲರ್ ಮುಟ್ಟಿದ್ದರೆ ನೋಂದಾಯಿತ ಗ್ಯಾಸ್ ಕೆಲಸಗಾರರ ಗ್ಯಾಸ್ ಸೇಫ್ ಕಾಗದ, ತೊಲೆಯ ಲೆಕ್ಕ ಕೈಸೇರಿದ ಮೇಲೆ ಇನ್‌ಸ್ಪೆಕ್ಟರ್ ಕೊನೆಯ ಸಲ ಬಂದು ನೋಡಿ ಕೊಡುತ್ತಾರೆ. ಬಿಲ್ಡರ್ ಹಣ ತೆಗೆದುಕೊಂಡು ಹೋದ ಮೇಲೆ ಈ ಕಾಗದಗಳಿಗಾಗಿ ಫೋನ್ ಮಾಡುತ್ತ ಕೂರಬೇಕಾಗುತ್ತದೆ. ರೆಗ್ಯುಲೇಷನ್ ಮೀರಿದ ಕೆಲಸವನ್ನು ತೆಗೆಸುವ ಅಥವಾ ಬದಲಾಯಿಸುವ ನೋಟಿಸ್ ಕೊಡಲು ಕೌನ್ಸಿಲಿಗೆ ಮೊದಲು ಒಂದೇ ವರ್ಷವಿತ್ತು, 2023ರ ಅಕ್ಟೋಬರ್‌ನಿಂದ ಅದು 10 ವರ್ಷ. ಹಿಂದಿನ ಮಾಲೀಕರು ಸರ್ಟಿಫಿಕೇಟ್ ಇಲ್ಲದೆ ಕಟ್ಟಿಹೋಗಿದ್ದರೆ ಆಮೇಲೆ ಸಕ್ರಮ ಮಾಡಿಸುವ ರೆಗ್ಯುಲರೈಸೇಷನ್ ಎಂಬ ದಾರಿ ಕೌನ್ಸಿಲ್ ಬಿಲ್ಡಿಂಗ್ ಕಂಟ್ರೋಲ್‌ನಲ್ಲಿದೆ, ಆದರೆ ಅದಕ್ಕೆ ಪ್ಲಾಸ್ಟರ್ ಕಿತ್ತು ತೊಲೆ ತೋರಿಸಬೇಕಾಗಬಹುದು. ಅಂಥ ಮನೆ ಕೊಳ್ಳುವ ಹಂತದಲ್ಲೇ ಇದ್ದರೆ ಆ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಲು ಸಾಲಿಸಿಟರ್‌ಗೆ ಹೇಳಿ. ಮಾರುವವರು ಕೊಡಿಸುವ ಇಂಡೆಮ್ನಿಟಿ ವಿಮೆ ಕೌನ್ಸಿಲಿನ ಕ್ರಮದಿಂದಾಗುವ ನಷ್ಟಕ್ಕೆ ಮಾತ್ರ, ತೊಲೆ ಸರಿಯಿಲ್ಲದಿದ್ದರೆ ಅದನ್ನು ಸರಿಪಡಿಸುವ ಖರ್ಚು ಅದರಲ್ಲಿ ಬರುವುದಿಲ್ಲ.